27 ವರ್ಷ ಟೈಪಿಂಗ್ ಕಲಿಸಿದ್ದು 158 ಕೆಜಿ ಗುಜರಿ ಆಯ್ತು. ಪ್ರಯಾಸ ವ್ಯರ್ಥವಲ್ಲ ಅನ್ನೋದನ್ನ ಹೇಗೆ ನಂಬೋದು?

ಬೆಟಗೇರಿ ಟೈಪಿಸ್ಟ್:
ಎಲ್ಲರಿಗೂ ನಮಸ್ಕಾರ. ನನಗೆ 61. ಗದಗ-ಬೆಟಗೇರಿಯವ. ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸ್ತಿದ್ದೆ, ಇಂಗ್ಲಿಷ್ ಕನ್ನಡ ಎರಡೂ, ಜೂನಿಯರ್ ಸೀನಿಯರ್. ಮುಂಜಾನೆ ಆರೂವರೆಗೆ ಮೊದಲ ಬ್ಯಾಚು. ಹನ್ನೊಂದು ಮಷೀನು ಒಮ್ಮೆಲೆ ಶುರುವಾದರೆ ಕೆಳಗಿನ ಕಿರಾಣಿ ಅಂಗಡಿಯವರು "ಮಳಿ ಬಂತೇನ್ರಿ ಸರ" ಅಂತ ಚ್ಯಾಷ್ಟಿ ಮಾಡೋರು. ಗೋದ್ರೇಜ್‌ನವರು 2009ರಲ್ಲಿ ಟೈಪ್‌ರೈಟರ್ ಮಾಡೋದನ್ನೇ ಬಿಟ್ಟರು, ನಾನು ಬಿಡಲಿಲ್ಲ. ಒಂದರ ಸ್ಪ್ರಿಂಗ್ ಕಿತ್ತು ಇನ್ನೊಂದಕ್ಕೆ ಹಾಕಿ ಓಡಿಸಿದೆ. ಕೊನೇ ವರ್ಷ ಮೂರೇ ಹುಡುಗರು. ಹೋದ ತಿಂಗಳು ಖೋಲಿ ಖಾಲಿ ಮಾಡಿದೆ.

ಗುಜರಿಯವ ಎಲ್ಲ ತೂಗಿದ, 158 ಕೆಜಿ. ಅವನ ಟಂಟಂಗೆ ಒಂದೊಂದೇ ಎತ್ತಿ ಹಾಕುವಾಗ ಒಂದು ಮಷೀನು ವಾಲಿ, ಕ್ಯಾರೇಜ್ ತಾನೇ ಸರ್ರಂತ ಸರಿದು, ಸಾಲು ಮುಗೀತು ಅನ್ನೋ ಹಂಗ ಟಿಣ್ ಅಂತು. ಅಲ್ಲೀತನಕ ಗಟ್ಟಿ ಇದ್ದೆ ನೋಡ್ರಿ.

ನಮ್ಮ ಮುತ್ತಜ್ಜ ನೇಕಾರರು, ಬಾಸೆಲ್ ಮಿಶನ್ ಪಾದ್ರಿಗಳ ಕಾಲಕ್ಕ ಕ್ರೈಸ್ತ ಸಭೆಗೆ ಸೇರಿದವರು. ಅವರ ಮಗ್ಗ ಈಗ ಎಲ್ಲೈತಿ? ಸಣ್ಣಂದಿನಿಂದ ಸಂಡೇ ಸ್ಕೂಲು, ದೊಡ್ಡವನಾದ ಮೇಲೆ ಕಮಿಟಿ, ಕಾಣಿಕೆ ಲೆಕ್ಕ. ಆದ್ರ ಈಗ ರಾತ್ರಿ ಎರಡಕ್ಕೆ ಎಚ್ಚರಾಗಿ ಬೈಬಲ್ಲಿನ ಪ್ರಸಂಗಿ ಪುಸ್ತಕದ ಮೊದಲನೇ ಅಧ್ಯಾಯ ಒಂದೇ ನೆನಪಾಗತೈತಿ, ವ್ಯರ್ಥವೇ ವ್ಯರ್ಥ. ಹೋದ ಭಾನುವಾರ ಚರ್ಚಿನಾಗ ಅಯ್ಯನವರು, ಅಂದ್ರ ನಮ್ಮ ಪಾದ್ರಿಗಳು, ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರ, 15ನೇ ಅಧ್ಯಾಯದ ಕಡೇ ವಚನ ಹಿಡಿದರು. ಕರ್ತನಲ್ಲಿ ಪಟ್ಟ ಪ್ರಯಾಸ ವ್ಯರ್ಥ ಅಲ್ಲ ಅಂತ. ಹಿಂದಿನ ಬೆಂಚಿನಾಗ ಕುಂತು ಮನಸ್ಸಿನಾಗೇ ಕೇಳಿದೆ: ಸಂಬಳ ತಗೊಂಡು ಎ ಎಸ್ ಡಿ ಎಫ್ ಕಲಿಸಿದ್ದು ಕರ್ತನಲ್ಲಿ ಪಟ್ಟ ಪ್ರಯಾಸದಾಗ ಬರತೈತೋ ಇಲ್ಲೋ?

ಜೀವಕ್ಕೇನೂ ಮಾಡಿಕೊಳ್ಳೋ ವಿಚಾರ ಇಲ್ಲ. ಆದರೆ ಯಾವುದಕ್ಕೂ ಮನಸ್ಸಾಗವಲ್ದು. ಊಟಕ್ಕೂ.

ಸ್ತೋತ್ರ ಸಹೋದರ:
ಕರ್ತನ ನಾಮಕ್ಕೆ ಸ್ತೋತ್ರ! ಅಂಕಲ್, ವಿಶ್ವಾಸ ಕಡಿಮೆಯಾದಾಗಲೇ ಹೀಗೆಲ್ಲ ಯೋಚನೆ ಬರೋದು. ಉಪವಾಸ ಇದ್ದು ಪ್ರಾರ್ಥನೆ ಮಾಡಿ, ಜಯ ನಿಮ್ಮದೇ.

ಬೆಟಗೇರಿ ಟೈಪಿಸ್ಟ್:
ತಮ್ಮಾ, ಉಪವಾಸ ಹೆಂಗೂ ನಡದೈತಿ.

ಬಲ್ಮಠದ ಹಳೇ ವಿದ್ಯಾರ್ಥಿ:
ಸರ್, ಮಂಗಳೂರಿನಲ್ಲಿ ದೈವಶಾಸ್ತ್ರ ಓದಿದವನು ನಾನು, ಈಗ ಸಭೆಯಲ್ಲಿಲ್ಲ, ಶಾಲೆಯಲ್ಲಿದ್ದೇನೆ. ಪ್ರಸಂಗಿಯಲ್ಲಿ ನಮ್ಮ ಭಾಷಾಂತರ "ವ್ಯರ್ಥ" ಅನ್ನುವ ಕಡೆ ಹೀಬ್ರೂವಿನಲ್ಲಿರುವುದು ಹೆವೆಲ್. ಉಸಿರು, ಆವಿ ಎಂದರ್ಥ. ಚಳಿಗಾಲದ ಬೆಳಗ್ಗೆ ಬಾಯಿಂದ ಬರುತ್ತಲ್ಲ, ಆ ಹಬೆ. ಕಾಯಿನನ ತಮ್ಮ ಹೇಬೆಲನ ಹೆಸರೂ ಅದೇ ಪದ. ಕೈಯಲ್ಲಿ ಹಿಡಿದಿಡಲಾಗದ್ದು ಅನ್ನಿ. ಬೆಲೆ ಇಲ್ಲದ್ದು ಎಂದೇ ಓದಬೇಕಾಗಿಲ್ಲ. ಅದೇ ಪ್ರಸಂಗಿ ಒಂಬತ್ತನೇ ಅಧ್ಯಾಯದಲ್ಲಿ, ಹೋಗಿ ಸಂತೋಷದಿಂದ ರೊಟ್ಟಿ ತಿನ್ನು ಅನ್ನುತ್ತಾನೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ವಚನ ಬರೆದ ಪೌಲನ ಹೊಟ್ಟೆಪಾಡು ಯಾವುದಿತ್ತು? ಗುಡಾರ ಮಾಡುವುದು. ಅಪೊಸ್ತಲರ ಕೃತ್ಯಗಳು 18 ನೋಡಿ, ಅದೇ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ದುಡಿಯುತ್ತಿದ್ದ. ಆ ಗುಡಾರಗಳು ಯಾವತ್ತೋ ಹರಿದು ಮಣ್ಣಾದವು. ಅದು ಅವನಿಗೂ ಗೊತ್ತಿತ್ತು, ಕಸುಬಿನವನಲ್ಲವೇ. ಇಡೀ 15ನೇ ಅಧ್ಯಾಯ ಸತ್ತವರು ಏಳುತ್ತಾರೋ ಇಲ್ಲವೋ ಎಂಬ ವಾದ. ಕ್ರಿಸ್ತನು ಎದ್ದಿಲ್ಲವಾದರೆ ನಂಬಿಕೆಯೇ ದಂಡ ಎಂದು ಅವನೇ ಹೇಳುತ್ತಾನೆ. ಆ ವಾದವೆಲ್ಲ ಮುಗಿದ ಮೇಲೆ ಬರುವ "ಆದ್ದರಿಂದ" ಇದು. ಮಷೀನು ಉಳಿಯುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಕಲಿಸಿದವನೂ ಕಲಿತವರೂ ದೇವರ ನೆನಪಿನಿಂದ ಅಳಿಸಿಹೋಗುವುದಿಲ್ಲ ಎಂಬುದಿದೆ. ಸಂಬಳ ತೆಗೆದುಕೊಂಡಿರಿ ಅನ್ನುವುದೇನೂ ಅಡ್ಡಿಯಲ್ಲ. ಪೌಲನೂ ಗುಡಾರವನ್ನು ಪುಕ್ಕಟೆ ಕೊಟ್ಟಿರಲಿಕ್ಕಿಲ್ಲ!

ಕೆಜಿಎಫ್ ಹುಡುಗ:
ಅಣ್ಣಾ, ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳೀತಿದ್ರು, ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ ತೆಗೆದ ಚಿನ್ನ ಯಾರ ಕತ್ತಲ್ಲಿದೆಯೋ, ನಮಗೆ ಉಳಿದದ್ದು ಸಯನೈಡ್ ದಿಬ್ಬ, ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿ ರಾಶಿ. ಗಾಳಿ ಬಂದರೆ ಆ ಪುಡಿ ಊಟದ ತಟ್ಟೆ ಮೇಲೂ ಬೀಳೋದು. ಅಪ್ಪ ಎರಡು ವರ್ಷ ಮಾತೇ ಆಡಲಿಲ್ಲ. ಚರ್ಚಿಗೆ ಹೋಗ್ತಿದ್ದರು, ಆದರೆ ಒಳಗೆ ಬರ್ತಿರಲಿಲ್ಲ, ಗೇಟ್ ಹತ್ರ ನಿಂತು ವಾಪಸ್. ಯಾರೂ ಒಳಗೆ ಎಳೀಲಿಲ್ಲ. ಅವರ ಶಿಫ್ಟಿನ ಇಬ್ಬರು ಮಾತ್ರ ಹೋಗಿ ಜೊತೆಗೆ ಗೇಟಲ್ಲೇ ನಿಂತ್ಕೊಳ್ಳೋರು, ಪೂಜೆ ಮುಗಿಯೋವರೆಗೂ. ಅವರು ಬೇರೆ ಏನೂ ಮಾಡಲಿಲ್ಲ. ನನಗೆ ಹೇಳೋಕೆ ಬೇರೆ ಉತ್ತರ ಇಲ್ಲಣ್ಣ.

ಉಡುಪಿ ನರ್ಸ್:
ಟೈಪಿಸ್ಟ್ ಅವರೇ, ಎರಡು ಗಂಟೆಗೆ ಎಚ್ಚರ, ಹಸಿವಿಲ್ಲ, ಯಾವುದೂ ಬೇಡ. ಇದು ತಿಂಗಳಿಂದ ಇದ್ದರೆ ವಿಶ್ವಾಸದ ಪ್ರಶ್ನೆ ಮಾತ್ರ ಅಲ್ಲ ಮಾರಾಯ್ರೆ, ಡಾಕ್ಟರಿಗೆ ತೋರಿಸಿ. ನಿಮಗೆ ಹತ್ತಿರ ಧಾರವಾಡದ ಡಿಮ್ಹಾನ್ಸ್ ಇದೆ, ಸರಕಾರದ ಮಾನಸಿಕ ಆರೋಗ್ಯ ಆಸ್ಪತ್ರೆ. ಹೋಗುವುದಕ್ಕೆ ಸಂಕೋಚ ಆದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬೈಬಲ್ಲಿನಲ್ಲಿ ಪ್ರವಾದಿ ಎಲೀಯ ಗಿಡದ ಬುಡದಲ್ಲಿ ಕೂತು, ಸಾಕು, ನನ್ನ ಪ್ರಾಣ ತೆಗೆ ಅಂದಾಗ ದೇವದೂತ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಬೆಟ್ಟ ಹೋರೇಬಿಗೆ ನಡೆದದ್ದು ಆಮೇಲೆ. ಉಪವಾಸ ಮಾಡಿ ಅಂದ ಆ ತಮ್ಮನೂ ಇದನ್ನು ಓದಲಿ.

ಬೆಟಗೇರಿ ಟೈಪಿಸ್ಟ್:
ಹತ್ತು ದಿನ ಆತು ಬರದು. 14416ಕ್ಕೆ ಹಚ್ಚಿದ್ದೆ, ಒಂದು ಹೆಣ್ಣುಮಗಳು ಸಮಾಧಾನದಿಂದ ಕೇಳಿಸಿಕೊಂಡಳು. ಆಕಿ ಹೇಳಿದಂಗ ಡಾಕ್ಟರ್ ಹತ್ರ ಹೋದೆ, ಮನೆಯವರೂ ಬಂದಿದ್ದರು. ರಕ್ತ ತಪಾಸಣೆ ಆಗೇತಿ, ಗುಳಿಗಿ ಕೊಟ್ಟಾರ. ಕೆಜಿಎಫ್ ತಮ್ಮಾ, ನಿಮ್ಮ ಅಪ್ಪನ ಗೇಟು ಎರಡು ರಾತ್ರಿ ತಲಿಯಾಗ ಇತ್ತು. ಭಾನುವಾರ ನಮ್ಮ ಅಯ್ಯನವರ ಮುಂದೆ ಅದನ್ನ ಹೇಳಿದೆ, ಗುಡಾರದ ಮಾತೂ ಹೇಳಿದೆ. ಅವರು ನಕ್ಕು, ಸಾಯಂಕಾಲ ಮನೀಗೇ ಬರತೇನಿ, ರೊಟ್ಟಿ ಪಲ್ಯ ಮಾಡಸ್ರಿ ಅಂದರು. ಬಂದು ಮೂರು ರೊಟ್ಟಿ ತಿಂದರು, ನಾನು ಒಂದೂವರೆ.

ಇನ್ನೊಂದು. ದವಾಖಾನಿ ಚೀಟಿ ಮಾಡಿಸೋ ಕೌಂಟರಿನಾಗ ಒಬ್ಬ ಹುಡುಗ, ಎರಡೇ ಬೆರಳಿನಾಗ ಕೀಬೋರ್ಡ್ ಕುಟ್ಟತಿದ್ದ. ನನ್ನ ಹೆಸರು ಹೊಡೆಯೋದಕ್ಕ ಮೂರು ಸಲ ತಪ್ಪು. ಹೆಬ್ಬೆರಳು ಎಲ್ಲಿಡಬೇಕು ಅನ್ನೋದೂ ಗೊತ್ತಿಲ್ಲ. ಕೈ ಎಷ್ಟು ತುರಿಸಿತು ಅಂದ್ರ, ಮನೆಯವರು ನನ್ನ ತೋಳು ಹಿಡಿದು "ಸುಮ್ಮನಿರ್ರಿ" ಅಂದರು.