ಕೀಮೋ ಆದ ಮಕ್ಕಳ ಹೃದಯ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಮಾತು

ಸುಮತಿ: (ಫಾರ್ವರ್ಡ್) ಚಿಕ್ಕಂದಿನಲ್ಲಿ ಕ್ಯಾನ್ಸರಿಗೆ ಕೀಮೋ ಪಡೆದವರ ಹೃದಯದ ಆಕಾರ ವರ್ಷಗಳ ನಂತರ ಬದಲಾಗಬಹುದು. ಎಲ್ಲರೂ ಓದಿ.

ರಾಘು: ಸುಮತಿ, ಡಿಲೀಟ್ ಮಾಡು. ದೀಪಾ ಈ ಗುಂಪಿನಲ್ಲೇ ಇದ್ದಾಳೆ. ಗುಣವಾದ ಹುಡುಗಿಗೆ ಸುಮ್ನೆ ಯಾಕೆ ಭಯ?

ಸುಮತಿ: ಅವಳಿಗೆ ಹಾಕುತ್ತಿದ್ದ ಆ ಕೆಂಪು ಔಷಧಿಯ ವಿಷಯವೇ ಇದು ಅಣ್ಣ. ಡಾಕ್ಸೊರುಬಿಸಿನ್.

ರಾಘು: ಅವಳು ದಿನಾ ಬ್ಯಾಡ್ಮಿಂಟನ್ ಆಡುತ್ತಾಳೆ. ಹಿಂದೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಪಂಪಿಂಗ್ 60 ಪರ್ಸೆಂಟ್ ಇತ್ತು. ನಾರ್ಮಲ್ ಅಂದರಲ್ವಾ?

ಕಿರಣ್: ಮಾವ, ನಾನು ದಿನಾ ಎಕೋ ಮಾಡುವವನು, ಅದಕ್ಕೇ ಹೇಳುತ್ತಿದ್ದೇನೆ. ಹೃದಯದ ಎಡ ಕೆಳಕೋಣೆ ಮೊಟ್ಟೆಯ ಹಾಗೆ ಉದ್ದಕ್ಕಿರುತ್ತದೆ. ಈ ಔಷಧಿಯಿಂದ ಸ್ನಾಯುಕೋಶ ಸತ್ತರೆ ಹೊಸದು ಹುಟ್ಟುವುದು ತೀರಾ ಕಡಿಮೆ. ಮಗು ಬೆಳೆಯುತ್ತದೆ, ಉಳಿದ ಕೋಶಗಳೇ ಆ ದೊಡ್ಡ ಮೈಗೆಲ್ಲ ರಕ್ತ ತಳ್ಳಬೇಕು. ಕೆಲವರಲ್ಲಿ ಗೋಡೆ ತೆಳ್ಳಗಾಗುತ್ತದೆ, ಕೋಣೆ ಚೆಂಡಿನ ಹಾಗೆ ದುಂಡಗಾಗುತ್ತದೆ. ದುಂಡಗಾದಷ್ಟೂ ಗೋಡೆಗೆ ಎಳೆತ ಜಾಸ್ತಿ. ಇಷ್ಟಾದರೂ ಪಂಪಿಂಗ್ ಅಂಕಿ ವರ್ಷಗಟ್ಟಲೆ ಸರಿಯಾಗಿಯೇ ಕಾಣಬಹುದು.

ರಾಘು: ಹಾಗಾದರೆ ಆ ಔಷಧಿ ಕೊಡಿಸಿದ್ದೇ ತಪ್ಪಾ?

ಲತಾ: ಅಲ್ಲ ಅಣ್ಣ. ಅದರಿಂದಲೇ ನನ್ನ ಮಗಳು ಉಳಿದಳು. ನನ್ನ ಸಿಟ್ಟು ಬೇರೆ. ಕೊನೆಯ ದಿನ ‘ಎಲ್ಲ ಮುಗಿಯಿತು, ಹೋಗಿ ಬನ್ನಿ’ ಅಂದರು. ಒಟ್ಟು ಎಷ್ಟು ಔಷಧಿ ಒಳಗೆ ಹೋಯಿತು ಅಂತ ಒಂದು ಚೀಟಿ ಬರೆದು ಕೊಡಲಿಲ್ಲ.

ಕಿರಣ್: ಚಿಕ್ಕಮ್ಮ, ಬೇಕಾಗಿರುವುದು ಆ ಲೆಕ್ಕವೇ. ಮೈಯ ಹೊರಮೈ ವಿಸ್ತೀರ್ಣದ ಒಂದು ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಮುಟ್ಟಿದ್ದರೆ ಅಪಾಯ ಹೆಚ್ಚು. ಅಂಥವರಿಗೆ 2 ವರ್ಷಕ್ಕೊಮ್ಮೆ ಎಕೋ ಬೇಕು, ಚೆನ್ನಾಗಿದ್ದರೂ. ಎದೆಗೆ ರೇಡಿಯೇಶನ್ ಆಗಿದ್ದರೆ ಇನ್ನೂ ಹುಷಾರಾಗಿರಬೇಕು. ಬಿಪಿ ಏರಲು ಬಿಡಲೇಬಾರದು.

ದೀಪಾ: ಬೆಳಗ್ಗೆಯಿಂದ ಎಲ್ಲ ಓದುತ್ತಿದ್ದೇನೆ. ಮಾವ, ನನಗೆ ಗೊತ್ತಾಗಬಾರದು ಅಂತ ಮುಚ್ಚಿಡಬೇಡಿ. ಆಗ ನನಗೆ 4 ವರ್ಷ, ಕೇಳಲು ಗೊತ್ತಿರಲಿಲ್ಲ. ಈಗ 24. ನೀವೆಲ್ಲ ನನ್ನ ಮದುವೆಯ ಮಾತಾಡುತ್ತಿದ್ದೀರಿ. ಬಸುರಿನಲ್ಲಿ ಹೃದಯಕ್ಕೆ ಕೆಲಸ ಎಷ್ಟು ಹೆಚ್ಚುತ್ತದೆ ಗೊತ್ತಾ? ಅದಕ್ಕೆ ಮೊದಲೇ ನನಗೆ ತಿಳಿಯಬೇಕು. ಕಿರಣಣ್ಣ, ಎಕೋಗೆ ಹೋದಾಗ ಏನಂತ ಕೇಳಲಿ?

ಕಿರಣ್: ಸ್ಟ್ರೇನ್ ಕೂಡ ಅಳೆಯಲು ಹೇಳು. ಸ್ನಾಯು ಎಷ್ಟು ಕುಗ್ಗುತ್ತದೆ ಅಂತ ಅದರಲ್ಲಿ ಬೇಗ ಗೊತ್ತಾಗುತ್ತದೆ. ಹಳೆಯ ರಿಪೋರ್ಟ್ ಜೊತೆಗಿರಲಿ, ಹೋಲಿಸಿ ನೋಡಬೇಕು. ಬ್ಯಾಡ್ಮಿಂಟನ್ ಬಿಡಬೇಡ.

ರಾಘು: ಸುಮತಿ, ಡಿಲೀಟ್ ಮಾಡಬೇಡ. ಲತಾ, ಆಗಿನ ಫೈಲೆಲ್ಲ ನನ್ನ ಕಪಾಟಿನಲ್ಲಿದೆ. ಪ್ರತಿ ಸಲದ ಡೋಸ್ ಬರೆದ ಹಾಳೆಗಳೂ ಇವೆ. ರಾತ್ರಿ ಒಂದೊಂದೇ ಫೋಟೋ ಹಾಕುತ್ತೇನೆ. ಕಿರಣ್, ನೀನು ಕೂಡಿಸಿ ಹೇಳು.