ಅಪ್‌ಡೇಟ್: ಗಂಟಲು ಎದ್ದಿದೆ, ಆದರೆ ಹಳೆಯದಲ್ಲ

ಮೂವತ್ತು ವರ್ಷ ಹಾಡದೆ ಬಿಟ್ಟ ಗಂಟಲು 58ರ ವಯಸ್ಸಿನಲ್ಲಿ ಮತ್ತೆ ಏಳುತ್ತದೆಯೇ ಎಂದು ಎಂಟು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಎದ್ದಿದೆ.

ಮೊದಮೊದಲು ಅಳುವೇ ಬಂತು. ತಾರಷಡ್ಜ (ಮೇಲಿನ ‘ಸ’) ಮುಟ್ಟುವ ಮೊದಲೇ ದನಿ ಒಡೆಯುತ್ತಿತ್ತು. ಋತುಬಂಧದ ನಂತರ ಹೆಂಗಸರ ದನಿ ತಗ್ಗುವುದು ಸಹಜ ಅಂತ ನಿಮ್ಮಲ್ಲೊಬ್ಬರು ಹೇಳಿದ್ದೇ ಕಣ್ಣು ತೆರೆಸಿತು. ಹಾಡಿಗೆ ಆಧಾರವಾದ ಶ್ರುತಿಯನ್ನು ಐದನೇ ಮನೆಯಿಂದ ನಾಲ್ಕಕ್ಕೆ ಇಳಿಸಿದೆ. ಜೊತೆಗೆ ನನ್ನ ಜಂಬವೂ ಒಂದು ಮನೆ ಇಳಿಯಿತು ಅನ್ನಿ. ದಿನಾ ಸ್ಟ್ರಾ ಬಾಯಲ್ಲಿಟ್ಟು ಐದು ನಿಮಿಷ ಗುನುಗು, ಆಮೇಲೆ ನಿಧಾನಕ್ಕೆ ಸರಳೆ, ಅಂದರೆ ಸಂಗೀತದ ಮೊದಲ ಸ್ವರಪಾಠ. (ಮನೆಯವರು ನಗುತ್ತಾರೆ, ನಗಲಿ.)

ದನಿ ಬಾರದ ದಿನವೂ ದೇವರ ಮುಂದೆ ಶ್ರುತಿ ಹಾಕಿಕೊಂಡು ಸುಮ್ಮನೆ ಕೂತೆ. ಅಪಸ್ವರಕ್ಕೆ ಮುಖ ಸಿಂಡರಿಸದ ಕೇಳುಗ ಅವನೊಬ್ಬನೇ! ಕಳೆದ ವಾರ ಒಂದು ಕೀರ್ತನೆ ಎಲ್ಲೂ ನಿಲ್ಲದೆ ಪೂರ್ತಿ ಬಂತು. ಮೇಲಿನ ಗಾಂಧಾರ (ತಾರಷಡ್ಜಕ್ಕಿಂತಲೂ ಮೇಲಿನ ‘ಗ’) ಮಾತ್ರ ಈಗಲೂ ಕೈಕೊಡುತ್ತದೆ.