ಆರ್ಕಿಡ್ ಕುಂಡ ಬದಲಿಸಬೇಕು, ಏನು ತುಂಬಲಿ?

ಪ್ರಶ್ನೆ (ವಿಜಯಪುರ): ಫೆಲನಾಪ್ಸಿಸ್ ಆರ್ಕಿಡ್ ಹೂವೆಲ್ಲ ಉದುರಿದೆ. ಕುಂಡದಲ್ಲಿದ್ದ ತೊಗಟೆ ಕೊಳೆತು ಕೆಸರಿನಂತಾಗಿದೆ, ಕೆಲವು ಬೇರುಗಳು ಕಪ್ಪಾಗಿವೆ. ಎರೆಮಣ್ಣು ಬೆರೆಸಬಹುದೇ? ತೀರಿಹೋದ ನಮ್ಮ ಅವ್ವ ಸಾಕಿದ ಗಿಡವಿದು, ಕಳೆದುಕೊಳ್ಳಲಾರೆ.

ಉತ್ತರ (ಬೆಳಗಾವಿ): ಮಣ್ಣು ಬೇಡವೇ ಬೇಡ, ಅಕ್ಕಾ! ಕಾಡಿನಲ್ಲಿ ಅದು ಮರಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಬೇರಿಗೆ ಗಾಳಿ ಬೇಕು. ಎರೆಮಣ್ಣು ಉಸಿರು ಕಟ್ಟಿಸುತ್ತದೆ. ಬೆರಳಲ್ಲಿ ಒತ್ತಿ ನೋಡಿ: ಮೆತ್ತಗಾದ ಬೇರನ್ನು ಮಾತ್ರ ಕತ್ತರಿಸಿ, ಗಟ್ಟಿಯಿದ್ದರೆ ಬಣ್ಣಕ್ಕೆ ಹೆದರಬೇಡಿ. ಇಲ್ಲಿ ಮಳೆ ಜೋರು, ಹಾಗಾಗಿ ನಾನು ಪೈನ್ ತೊಗಟೆ, ಇದ್ದಿಲು ಅಷ್ಟೇ ಹಾಕುತ್ತೇನೆ.

ಉತ್ತರ (ಬಾಗಲಕೋಟೆ): ನಮ್ಮ ಒಣ ಬಿಸಿಲಿಗೆ ಬರೀ ತೊಗಟೆ, ಇದ್ದಿಲಾದರೆ ಬೇಗ ಒಣಗುತ್ತದೆ. ಸ್ವಲ್ಪ ತೆಂಗಿನ ಸಿಪ್ಪೆಯ ತುಂಡುಗಳನ್ನೂ ಸೇರಿಸಿ. ಮೊದಲು ನೀರು ಬದಲಿಸುತ್ತ ನೆನೆಸಿ ಉಪ್ಪು ತೆಗೆಯಿರಿ. ಬೇರು ಹಸಿರಿನಿಂದ ಬೆಳ್ಳಿಬಣ್ಣಕ್ಕೆ ತಿರುಗಿದಾಗ ನೀರು ಕೊಡಿ.

ವಿಜಯಪುರ: ಐದು ಗಟ್ಟಿ ಬೇರುಗಳು ಉಳಿದಿವೆ! ಸಿಪ್ಪೆ ಈಗಲೇ ನೆನೆಸಿದ್ದೇನೆ.